ಸಿಪ್ಯಾಪ್ ಚಿಕಿತ್ಸಾ ಪಾಲನೆ

ಸಿಪ್ಯಾಪ್ ಚಿಕಿತ್ಸಾ ಪಾಲನೆ ಎಂದರೆ, ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ರೋಗವುಳ್ಳವರು ವೈದ್ಯರು ಸೂಚಿಸಿದ ಉಸಿರಾಟದ ಯಂತ್ರವನ್ನು ಪ್ರತಿ ರಾತ್ರಿ, ನಿದ್ರೆಯ ಪೂರ್ಣ ಅವಧಿಗೆ ಬಳಸುವುದು. ಈ ಯಂತ್ರವು ಮುಖವಾಡದ ಮೂಲಕ ಗಾಳಿಯನ್ನು ನಿರಂತರ ಒತ್ತಡದಲ್ಲಿ ಹರಿಸಿ, ಗಂಟಲಿನ ದಾರಿ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಇದು ರೋಗವನ್ನು ಮೂಲದಿಂದ ಗುಣಪಡಿಸುವುದಿಲ್ಲ. ಧರಿಸಿದಷ್ಟು ಹೊತ್ತು ಮಾತ್ರ ಉಸಿರಾಟವನ್ನು ಕಾಪಾಡುತ್ತದೆ. ಆದ್ದರಿಂದ ಚಿಕಿತ್ಸೆಯ ಫಲವು ಯಂತ್ರದ ಬೆಲೆಗಿಂತ ಹೆಚ್ಚಾಗಿ ಅದರ ನಿತ್ಯಬಳಕೆಯನ್ನು ಅವಲಂಬಿಸಿದೆ. ಯಂತ್ರ ಪಡೆದವರಲ್ಲಿ ಹಲವರು ಕೆಲವೇ ವಾರಗಳಲ್ಲಿ ಅದನ್ನು ಬದಿಗಿಡುವುದು ಜಗತ್ತಿನ ಎಲ್ಲೆಡೆ ಕಂಡುಬಂದಿರುವ ಸಮಸ್ಯೆ. ಕರ್ನಾಟಕದ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯಂತಹ ಬಿಸಿಲು ಸೀಮೆಯ ಊರುಗಳಲ್ಲಿ ಈ ಸಮಸ್ಯೆಗೆ ಶಾಖ, ಧೂಳು, ವಿದ್ಯುತ್ ವ್ಯತ್ಯಯ, ಆಸ್ಪತ್ರೆಯ ದೂರ ಮತ್ತು ಗುಳೆ ಹೋಗುವ ಬದುಕು ಸೇರಿಕೊಳ್ಳುತ್ತವೆ.

ರೋಗದ ಸ್ವರೂಪ

ಎಚ್ಚರದಲ್ಲಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಶ್ವಾಸಮಾರ್ಗವನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಜರುಗಿ ದಾರಿಯನ್ನು ಭಾಗಶಃ ಅಥವಾ ಪೂರ್ಣವಾಗಿ ಮುಚ್ಚುತ್ತವೆ. ದಾರಿ ಕಿರಿದಾದಾಗ ಗೊರಕೆ ಕೇಳಿಸುತ್ತದೆ. ಪೂರ್ಣವಾಗಿ ಮುಚ್ಚಿದಾಗ ಗೊರಕೆಯೂ ನಿಂತು ನಿಶ್ಶಬ್ದವಾಗುತ್ತದೆ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಇಳಿಯುತ್ತಿದ್ದಂತೆ ಮೆದುಳು ಕ್ಷಣಕಾಲ ಎಚ್ಚರಗೊಂಡು, ರೋಗಿಯು ಏದುಸಿರಿನೊಡನೆ ಮತ್ತೆ ಉಸಿರೆಳೆದುಕೊಳ್ಳುತ್ತಾನೆ. ಬೆಳಿಗ್ಗೆ ಇದಾವುದೂ ಅವನ ನೆನಪಿನಲ್ಲಿರುವುದಿಲ್ಲ. ಆದ್ದರಿಂದಲೇ ರೋಗವನ್ನು ಮೊದಲು ಗಮನಿಸುವವರು ಸಾಮಾನ್ಯವಾಗಿ ಪಕ್ಕದಲ್ಲಿ ಮಲಗುವವರು.

ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಲ್ಲುವುದನ್ನು ಒಂದು ಆಪ್ನಿಯಾ ಎಂದು ಎಣಿಸಲಾಗುತ್ತದೆ. ಉಸಿರಿನ ಹರಿವು ಪೂರ್ತಿ ನಿಲ್ಲದೆ ಬಹಳ ಕುಗ್ಗುವುದನ್ನೂ ಲೆಕ್ಕಕ್ಕೆ ಸೇರಿಸಿ, ಗಂಟೆಗೆ ಸರಾಸರಿ ಎಷ್ಟು ಬಾರಿ ಹೀಗಾಗುತ್ತದೆ ಎಂಬುದರಿಂದ ರೋಗದ ತೀವ್ರತೆಯನ್ನು ಅಳೆಯುತ್ತಾರೆ. ಗಂಟೆಗೆ 5ರಿಂದ 15 ಬಾರಿಯಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಮರೆವು, ಸಿಡುಕು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಮತ್ತು ಔಷಧಕ್ಕೂ ಬಗ್ಗದ ರಕ್ತದೊತ್ತಡ ಇದರ ಮುಖ್ಯ ಲಕ್ಷಣಗಳು. ಚಿಕಿತ್ಸೆಯಿಲ್ಲದ ರೋಗಿಗಳು ವಾಹನ ಚಲಾಯಿಸುವಾಗ ಅಪಘಾತಕ್ಕೀಡಾಗುವ ಸಂಭವ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು.

2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವರ್ಷ ವಯಸ್ಸಿನ ಸುಮಾರು 93.6 ಕೋಟಿ ಜನರಿಗೆ ಈ ರೋಗವಿದೆ. ಅವರಲ್ಲಿ ಸುಮಾರು 42.5 ಕೋಟಿ ಜನರದ್ದು ಮಧ್ಯಮ ಅಥವಾ ತೀವ್ರ ಸ್ವರೂಪದ್ದು. ಜೋರು ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ತಿಳಿಯುವುದು, ಹಗಲಿನಲ್ಲಿ ತೂಕಡಿಸುವವರನ್ನು ಕುಂಭಕರ್ಣನೆಂದು ಹಾಸ್ಯ ಮಾಡುವುದು ರೂಢಿಯಲ್ಲಿರುವುದರಿಂದ ಬಹಳಷ್ಟು ಜನ ವೈದ್ಯರ ಬಳಿಗೇ ಹೋಗುವುದಿಲ್ಲ.

ಚಿಕಿತ್ಸೆಯ ಇತಿಹಾಸ ಮತ್ತು ಯಂತ್ರದ ಕಾರ್ಯವಿಧಾನ

1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ಉಪಕರಣಗಳಿಂದ ದಾಖಲಿಸಿ ವಿವರಿಸಿದರು. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಗಿಯ್ಮಿನೋ ಮತ್ತು ಸಂಗಡಿಗರು ಅದಕ್ಕೆ ಸ್ಲೀಪ್ ಆಪ್ನಿಯಾ ಸಿಂಡ್ರೋಮ್ ಎಂಬ ಹೆಸರನ್ನು ಬಳಕೆಗೆ ತಂದರು. ಆ ಕಾಲದಲ್ಲಿ ತೀವ್ರ ರೋಗಿಗಳಿಗೆ ಇದ್ದ ಖಚಿತವಾದ ಪರಿಹಾರವೆಂದರೆ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವ ಶಸ್ತ್ರಚಿಕಿತ್ಸೆ.

1980ರ ಜೂನ್ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವಾನ್, ಇಂತಹ ಶಸ್ತ್ರಚಿಕಿತ್ಸೆಗೆ ಒಪ್ಪದ ರೋಗಿಯೊಬ್ಬನ ಮೂಗಿಗೆ ಒತ್ತಡದ ಗಾಳಿಯನ್ನು ಹರಿಸಿ ನೋಡಿದರು. ಗಂಟಲು ತೆರೆದೇ ಉಳಿದು ರೋಗಿ ನೆಮ್ಮದಿಯಾಗಿ ನಿದ್ರಿಸಿದನು. 5 ರೋಗಿಗಳ ಅನುಭವವನ್ನು ಒಳಗೊಂಡ ವರದಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನ ಯಂತ್ರ ದೊಡ್ಡ ಸದ್ದು ಮಾಡುತ್ತಿತ್ತು. ಮುಖವಾಡವನ್ನು ಪ್ರತಿ ರಾತ್ರಿ ಅಂಟಿನಿಂದ ಮೂಗಿಗೆ ಅಂಟಿಸಬೇಕಾಗಿತ್ತು. ಇಂದಿನ ಯಂತ್ರಗಳು ಪುಸ್ತಕದ ಗಾತ್ರಕ್ಕೆ ಇಳಿದಿದ್ದು ಮೆಲುದನಿಯಲ್ಲಿ ಕೆಲಸ ಮಾಡುತ್ತವೆ.

ಯಂತ್ರವು ಕೋಣೆಯ ಗಾಳಿಯನ್ನೇ ಸೋಸಿ ಒಳಕ್ಕೆ ಕಳಿಸುತ್ತದೆ. ಅದರಲ್ಲಿ ಆಮ್ಲಜನಕದ ಸಿಲಿಂಡರ್ ಇರುವುದಿಲ್ಲ. ಅದು ರೋಗಿಯ ಬದಲಾಗಿ ಉಸಿರಾಡುವುದೂ ಇಲ್ಲ. ಒತ್ತಡವನ್ನು ನೀರಿನ ಸೆಂಟಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 4ರಿಂದ 20ರ ನಡುವೆ ಇರುತ್ತದೆ. 10 ಸೆಂಟಿಮೀಟರ್ ಒತ್ತಡವೆಂದರೆ ವಾತಾವರಣದ ಒತ್ತಡದ ಸುಮಾರು ನೂರನೇ ಒಂದು ಭಾಗ ಮಾತ್ರ. ಕುಸಿಯುವ ಗುಡಾರಕ್ಕೆ ಒಳಗಿನಿಂದ ಕಂಬ ಕೊಟ್ಟಂತೆ ಈ ಅಲ್ಪ ಒತ್ತಡವು ಗಂಟಲಿನ ಗೋಡೆಗಳನ್ನು ಹಿಡಿದು ನಿಲ್ಲಿಸುತ್ತದೆ. ಕಂಬ ತೆಗೆದೊಡನೆ ಗುಡಾರ ಬೀಳುವಂತೆ, ಮುಖವಾಡ ತೆಗೆದೊಡನೆ ರೋಗ ಮರಳುತ್ತದೆ.

ಪಾಲನೆಯ ಅಳತೆ

ಆರಂಭದಲ್ಲಿ ವೈದ್ಯರು ರೋಗಿಯ ಮಾತನ್ನೇ ನಂಬಬೇಕಾಗಿತ್ತು. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 35 ರೋಗಿಗಳ ಯಂತ್ರಗಳಲ್ಲಿ ಬಳಕೆಯನ್ನು ದಾಖಲಿಸುವ ಮಾಪಕವನ್ನು ಅಳವಡಿಸಿತು. ಶೇಕಡ 60 ಮಂದಿ ಪ್ರತಿ ರಾತ್ರಿ ಬಳಸುವುದಾಗಿ ಹೇಳಿದ್ದರು. ಆದರೆ ಶೇಕಡ 70ರಷ್ಟು ದಿನಗಳಲ್ಲಿ ಕನಿಷ್ಠ 4 ಗಂಟೆ ಬಳಸಿದವರು ಶೇಕಡ 46 ಮಾತ್ರ ಎಂದು ಮಾಪಕ ತೋರಿಸಿತು. ಮುಂದೆ ಇದೇ ಅಳತೆ ರೂಢಿಗೆ ಬಂದಿತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಮೊದಲ 3 ತಿಂಗಳಿನೊಳಗೆ ಸತತ 30 ದಿನಗಳ ಅವಧಿಯೊಂದರಲ್ಲಿ ಶೇಕಡ 70ರಷ್ಟು ರಾತ್ರಿಗಳಲ್ಲಿ 4 ಗಂಟೆ ಅಥವಾ ಹೆಚ್ಚಿನ ಬಳಕೆಯನ್ನು ಪಾಲನೆ ಎಂದು ಪರಿಗಣಿಸುತ್ತದೆ.

ಈಗಿನ ಯಂತ್ರಗಳು ಬಳಕೆಯ ಗಂಟೆ, ಗಾಳಿಯ ಸೋರಿಕೆ ಮತ್ತು ಉಳಿದ ಉಸಿರುಕಟ್ಟುಗಳ ಸಂಖ್ಯೆಯನ್ನು ಸ್ವತಃ ದಾಖಲಿಸುತ್ತವೆ. ಈ ಮಾಹಿತಿಯನ್ನು ಸ್ಮರಣಕಾರ್ಡಿನಿಂದ ಅಥವಾ ಮೊಬೈಲ್ ಮೂಲಕ ವೈದ್ಯರು ನೋಡಬಹುದು. ಇದರ ಉದ್ದೇಶ ರೋಗಿಯ ತಪ್ಪನ್ನು ಹಿಡಿಯುವುದಲ್ಲ, ತೊಂದರೆ ಎಲ್ಲಿದೆಯೆಂದು ತಿಳಿಯುವುದು.

ಬಳಕೆಯ ಅವಧಿ ಮತ್ತು ಫಲ

4 ಗಂಟೆ ಎಂಬುದು ಕನಿಷ್ಠ ಮಿತಿಯೇ ಹೊರತು ಗುರಿಯಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಗಿಗಳು ಹೇಳಿಕೊಳ್ಳುವ ತೂಕಡಿಕೆಯ ಇಳಿಕೆಗೆ ಸುಮಾರು 4 ಗಂಟೆ, ಪರೀಕ್ಷೆಯಲ್ಲಿ ಅಳೆಯುವ ತೂಕಡಿಕೆಯ ಇಳಿಕೆಗೆ ಸುಮಾರು 6 ಗಂಟೆ, ದಿನನಿತ್ಯದ ಕೆಲಸಕಾರ್ಯಗಳ ಸುಧಾರಣೆಗೆ ಸುಮಾರು 7.5 ಗಂಟೆಗಳ ಬಳಕೆಯವರೆಗೂ ಲಾಭ ಹೆಚ್ಚುತ್ತಾ ಹೋಗುವುದನ್ನು ತೋರಿಸಿತು. ಕನಸು ಬೀಳುವ ನಿದ್ರೆಯ ಹಂತ ರಾತ್ರಿಯ ಉತ್ತರಾರ್ಧದಲ್ಲಿ ಹೆಚ್ಚು. ಆ ಹಂತದಲ್ಲಿ ಸ್ನಾಯುಗಳು ಅತ್ಯಂತ ಸಡಿಲವಾಗಿರುವುದರಿಂದ ಉಸಿರುಕಟ್ಟುವಿಕೆಯೂ ಹಲವರಲ್ಲಿ ಆಗಲೇ ಹೆಚ್ಚು. ಮಲಗುವಾಗ ಧರಿಸಿ ನಡುರಾತ್ರಿ ತೆಗೆದಿಡುವವರು ರಾತ್ರಿಯ ಅತ್ಯಂತ ಅಪಾಯದ ಭಾಗವನ್ನೇ ರಕ್ಷಣೆಯಿಲ್ಲದೆ ಕಳೆಯುತ್ತಾರೆ.

2016ರಲ್ಲಿ ಪ್ರಕಟವಾದ ಸೇವ್ ಎಂಬ ಬೃಹತ್ ಅಧ್ಯಯನದಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ 2,717 ಮಂದಿ ಪಾಲ್ಗೊಂಡಿದ್ದರು. ಇವರೆಲ್ಲ ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ರೋಗವಿದ್ದವರು. ಯಂತ್ರ ಪಡೆದವರಲ್ಲಿ ತೂಕಡಿಕೆ ಮತ್ತು ಗೊರಕೆ ಕಡಿಮೆಯಾದವು, ಮನಸ್ಸಿನ ಸ್ಥಿತಿ ಸುಧಾರಿಸಿತು. ಆದರೆ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಅವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರವಾಗಿತ್ತು. ಹೃದಯಕ್ಕೆ ಲಾಭ ಕಾಣದಿರಲು ಚಿಕಿತ್ಸೆಯ ಮಿತಿ ಕಾರಣವೇ, ಅಲ್ಪಬಳಕೆ ಕಾರಣವೇ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಂದುವರಿದಿದೆ.

ಬಳಕೆ ನಿಲ್ಲಲು ಕಾರಣಗಳು

ಯಂತ್ರವನ್ನು ಬಿಟ್ಟವರನ್ನು ಹಟಮಾರಿಗಳೆಂದು ದೂರುವುದು ಸುಲಭ. ಆದರೆ ಬಹುತೇಕ ಕಾರಣಗಳು ಸರಿಪಡಿಸಬಹುದಾದವು.

ಮುಖವಾಡದ ಅಳತೆ: ಮುಖವಾಡ ಸಡಿಲವಾದರೆ ಗಾಳಿ ಕಣ್ಣಿಗೆ ಬಡಿಯುತ್ತದೆ, ಬಿಗಿಯಾದರೆ ಮೂಗಿನ ಸೇತುವೆಯ ಮೇಲೆ ಹುಣ್ಣಾಗುತ್ತದೆ. ದಪ್ಪ ಮೀಸೆ, ಮೂಗುತಿ ಮತ್ತು ಮುಖಕ್ಕಿಳಿದ ತಲೆಯೆಣ್ಣೆ ಸೋರಿಕೆಗೆ ಸಾಮಾನ್ಯ ಕಾರಣಗಳು. ಮೂಗನ್ನು ಮಾತ್ರ ಮುಚ್ಚುವ ಮುಖವಾಡವು ಬಾಯಿ ಮೂಗು ಎರಡನ್ನೂ ಮುಚ್ಚುವುದಕ್ಕಿಂತ ಹೆಚ್ಚಿನವರಿಗೆ ಹಿತವೆನಿಸುತ್ತದೆ.

ಒಣಗುವಿಕೆ: ನಿರಂತರ ಗಾಳಿಯಿಂದ ಮೂಗು, ಬಾಯಿ ಒಣಗುತ್ತವೆ. ಮೂಗು ಕಟ್ಟಿದ್ದರೆ ಬಾಯಿ ತೆರೆದು ಗಾಳಿ ಹೊರಹೋಗಿ ತೊಂದರೆ ಹೆಚ್ಚುತ್ತದೆ.

ಭಯ ಮತ್ತು ಸಂಕೋಚ: ಮುಖ ಮುಚ್ಚಿದಾಗ ಉಸಿರು ಸಿಕ್ಕಿಹಾಕಿಕೊಂಡಂತೆ ಕೆಲವರಿಗೆ ಅನಿಸುತ್ತದೆ. ಕೋವಿಡ್ ಕಾಲದ ನೆನಪಿನಿಂದ ಮುಖವಾಡದ ಯಂತ್ರವನ್ನು ಕೊನೆಯ ಹಂತದ ಚಿಕಿತ್ಸೆಯೆಂದು ಭಾವಿಸುವವರೂ ಇದ್ದಾರೆ. ಹೊಸದಾಗಿ ಮದುವೆಯಾದವರು, ಕೂಡುಕುಟುಂಬದಲ್ಲಿ ನೆಂಟರ ನಡುವೆ ಮಲಗುವವರು ಅದನ್ನು ಧರಿಸಲು ನಾಚುತ್ತಾರೆ.

ತಪ್ಪು ತಿಳಿವಳಿಕೆ: ಯಂತ್ರ ಬಳಸಿದರೆ ಅದಕ್ಕೇ ಒಗ್ಗಿಹೋಗಿ ಮುಂದೆ ಸ್ವತಃ ಉಸಿರಾಡಲಾಗದು ಎಂಬ ನಂಬಿಕೆಗೆ ಆಧಾರವಿಲ್ಲ. ಕೆಲವು ದಿನ ಬಳಸಿ ಹಗುರವೆನಿಸಿದೊಡನೆ ರೋಗ ವಾಸಿಯಾಯಿತೆಂದು ನಿಲ್ಲಿಸುವುದೂ ಸಾಮಾನ್ಯ. ಬಳಕೆ ನಿಲ್ಲಿಸಿದರೆ ಒಂದೆರಡು ರಾತ್ರಿಗಳಲ್ಲೇ ಉಸಿರುಕಟ್ಟುವಿಕೆ, ಎರಡು ವಾರಗಳೊಳಗೆ ತೂಕಡಿಕೆ ಮತ್ತು ರಕ್ತದೊತ್ತಡದ ಏರಿಕೆ ಮರಳುವುದನ್ನು ಅಧ್ಯಯನಗಳು ತೋರಿಸಿವೆ.

ರಾಯಚೂರು ಜಿಲ್ಲೆಯ ಸಂದರ್ಭ

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ ಹರಿಯುವ ರಾಯಚೂರು ಜಿಲ್ಲೆ ಕಲ್ಯಾಣ ಕರ್ನಾಟಕದ ಭಾಗ. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ಎರಡು ಜಿಲ್ಲೆಗಳಲ್ಲಿ ಇದೂ ಒಂದು, ಇನ್ನೊಂದು ಯಾದಗಿರಿ. ಯಂತ್ರ ತಯಾರಕರ ಕೈಪಿಡಿಗಳು ತಂಪು ದೇಶದ ಮಲಗುವ ಕೋಣೆಯನ್ನು ಕಣ್ಣಮುಂದಿಟ್ಟುಕೊಂಡು ರಚನೆಯಾದವು. ಇಲ್ಲಿನ ಪರಿಸ್ಥಿತಿ ಅದಕ್ಕಿಂತ ಭಿನ್ನ.

ಶಾಖ ಮತ್ತು ಧೂಳು: ರಾಯಚೂರಿನಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಗಾಳಿಯೂ ಒಣಗಿರುತ್ತದೆ. ಬೆವರಿನಿಂದ ಮುಖವಾಡ ಜಾರುತ್ತದೆ. ತೇವಕಾರಕವನ್ನು ಜೋಡಿಸಿದರೆ ಒಣಗುವಿಕೆ ಕಡಿಮೆಯಾಗುತ್ತದೆ, ಆದರೆ ಬಿಸಿ ಗಾಳಿ ಸೆಕೆಯನ್ನು ಹೆಚ್ಚಿಸಬಹುದು. ನೀರಿನ ಕೂಲರ್ ಇರುವ ಕೋಣೆಯಲ್ಲಿ ಗಾಳಿ ಈಗಾಗಲೇ ತೇವವಾಗಿರುವುದರಿಂದ ತೇವಕಾರಕದ ಮಟ್ಟವನ್ನು ಇಳಿಸಿಕೊಳ್ಳಬೇಕಾಗುತ್ತದೆ. ಕೊಳವೆಬಾವಿಯ ಗಡಸು ನೀರು ಅದರ ತೊಟ್ಟಿಯಲ್ಲಿ ಬಿಳಿಯ ಪದರ ಕಟ್ಟುವುದರಿಂದ ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ ಭಾಗದ ಅಕ್ಕಿ ಗಿರಣಿಗಳ ಹೊಟ್ಟು, ರಾಯಚೂರಿನ ಹತ್ತಿ ಗಿರಣಿಗಳ ನವಿರು, ಸುಗ್ಗಿಯ ಕಾಲದ ಧೂಳು ಯಂತ್ರದ ಸೋಸುಕವನ್ನು ಬೇಗ ಮುಚ್ಚುತ್ತವೆ. ಆದ್ದರಿಂದ ಸೋಸುಕವನ್ನು ಕೈಪಿಡಿ ಹೇಳುವುದಕ್ಕಿಂತ ಬೇಗನೆ ನೋಡಿ ಬದಲಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುವ ವಾಡಿಕೆಯಿರುವ ಮನೆಗಳಲ್ಲಿ ವರ್ಷದ ಮೂರು ತಿಂಗಳು ಯಂತ್ರ ಕೋಣೆಯಲ್ಲೇ ಉಳಿದುಬಿಡುವ ಸಂಭವವಿದೆ. ಬೇಸಿಗೆಯ ಮಧ್ಯಾಹ್ನದ ನಿದ್ರೆಯೂ ನಿದ್ರೆಯೇ ಆಗಿರುವುದರಿಂದ ಆಗಲೂ ಯಂತ್ರ ಧರಿಸುವುದು ಅಗತ್ಯ.

ವಿದ್ಯುತ್: ಕೃಷ್ಣಾ ತೀರದ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಲ್ಲಿ ಉತ್ಪಾದನೆ ಆರಂಭಿಸಿತು. ಅದರ 8 ಘಟಕಗಳ ಒಟ್ಟು ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಆದರೂ ಮಳೆಗಾಳಿಯ ರಾತ್ರಿಗಳಲ್ಲಿ ಹಳ್ಳಿಗಳ ಪೂರೈಕೆ ನಿಲ್ಲುವುದುಂಟು. ವಿದ್ಯುತ್ ಹೋದೊಡನೆ ಯಂತ್ರ ನಿಂತು ರೋಗಿ ಎಚ್ಚರಗೊಳ್ಳುತ್ತಾನೆ. ಹೀಗೆ ಕೆಲವು ರಾತ್ರಿ ನಡೆದರೆ ಅದನ್ನು ಮತ್ತೆ ಮುಟ್ಟುವ ಮನಸ್ಸಾಗುವುದಿಲ್ಲ. ಯಂತ್ರಕ್ಕೆ ಬೇಕಾಗುವ ವಿದ್ಯುತ್ ಮಾತ್ರ ಅಲ್ಪ. ತೇವಕಾರಕವಿಲ್ಲದೆ 30 ವಾಟ್ ಎಂದು ಹಿಡಿದರೆ 8 ಗಂಟೆಗೆ ಕಾಲು ಯೂನಿಟ್, ತಿಂಗಳಿಗೆ ಸುಮಾರು 7 ಯೂನಿಟ್. ಮನೆಯ ಸಾಮಾನ್ಯ ಇನ್ವರ್ಟರ್ ಬ್ಯಾಟರಿ ಇದನ್ನು ಇಡೀ ರಾತ್ರಿ ನಡೆಸಬಲ್ಲದು. ತೇವಕಾರಕದ ಕಾಯಿಸುವ ತಟ್ಟೆಯನ್ನು ಆರಿಸಿದರೆ ಬ್ಯಾಟರಿ ಇನ್ನಷ್ಟು ಹೊತ್ತು ಬಾಳುತ್ತದೆ.

ದೂರ ಮತ್ತು ವೆಚ್ಚ: ಜಿಲ್ಲೆಯ ವೈದ್ಯಕೀಯ ಕಾಲೇಜುಗಳಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ನವೋದಯ ವೈದ್ಯಕೀಯ ಕಾಲೇಜು ರಾಯಚೂರು ನಗರದಲ್ಲಿವೆ. ನಿದ್ರೆಯ ಸಂಶೋಧನೆಗೆ ಹೆಸರಾದ ನಿಮ್ಹಾನ್ಸ್ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ದೇವದುರ್ಗ ಮತ್ತು ಮಾನ್ವಿ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಒಳಹಳ್ಳಿಗಳಿಗೆ ದೂರ ಇನ್ನೂ ಹೆಚ್ಚು. ಮುಖವಾಡದ ಪಟ್ಟಿ ಸಡಿಲವಾಗಿದೆ ಎಂಬ ಸಣ್ಣ ದೂರಿಗೂ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಕಳೆದುಕೊಳ್ಳಬೇಕಾದಾಗ ರೋಗಿ ಹೋಗುವುದಿಲ್ಲ. ಯಂತ್ರ ಮೂಲೆ ಸೇರುತ್ತದೆ. ಯಂತ್ರದ ಬೆಲೆ ಹಲವು ಹತ್ತು ಸಾವಿರ ರೂಪಾಯಿ. ಮುಖವಾಡ, ಕೊಳವೆ, ಸೋಸುಕಗಳನ್ನು ಆಗಾಗ ಬದಲಿಸುವ ಖರ್ಚು ಬೇರೆ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಯಂತ್ರದ ವೆಚ್ಚವನ್ನು ಮಿತಿಗೊಳಪಟ್ಟು ಮರುಪಾವತಿಸಲು ಅವಕಾಶವಿದೆ. ಕೃಷಿ ಕಾರ್ಮಿಕರಿಗೆ ಅಂತಹ ಆಸರೆ ಇಲ್ಲ.

ಗುಳೆ ಮತ್ತು ರಾತ್ರಿ ದುಡಿಮೆ: ದೇವದುರ್ಗ, ಮಾನ್ವಿ ಭಾಗದ ಅನೇಕ ಕುಟುಂಬಗಳು ಬೇಸಾಯದ ಕೆಲಸ ಮುಗಿದ ಮೇಲೆ ಬೆಂಗಳೂರು ಮೊದಲಾದ ನಗರಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ತಗಡಿನ ಶೆಡ್ಡಿನಲ್ಲಿ ಹತ್ತಾರು ಜನರ ನಡುವೆ ಮಲಗುವವರಿಗೆ ಯಂತ್ರ ಇಡಲು ಜಾಗ, ವಿದ್ಯುತ್ ಸಂಪರ್ಕ, ಸುರಕ್ಷತೆ ಯಾವುದೂ ಖಚಿತವಿಲ್ಲ. ಲಾರಿ ಚಾಲಕರು, ಗಿರಣಿ ಮತ್ತು ವಿದ್ಯುತ್ ಕೇಂದ್ರದ ಪಾಳಿ ಕೆಲಸಗಾರರು ಹಗಲಿನಲ್ಲಿ ನಿದ್ರಿಸುವುದರಿಂದ ‘ರಾತ್ರಿ ಧರಿಸಿ’ ಎಂಬ ಸೂಚನೆ ಅವರಿಗೆ ಸಾಲದು. ‘ಮಲಗಿದಾಗಲೆಲ್ಲ ಧರಿಸಿ’ ಎಂದು ಹೇಳಬೇಕಾಗುತ್ತದೆ. ಇವರಲ್ಲಿ ಚಾಲಕರ ತೂಕಡಿಕೆ ಅವರೊಬ್ಬರ ಆರೋಗ್ಯದ ಪ್ರಶ್ನೆಯಲ್ಲ. ರಸ್ತೆಯಲ್ಲಿ ಎದುರು ಬರುವವರ ಜೀವದ ಪ್ರಶ್ನೆಯೂ ಹೌದು.

ಪಾಲನೆಯನ್ನು ಹೆಚ್ಚಿಸುವ ಕ್ರಮಗಳು

ಮೊದಲ ವಾರದ ಬಳಕೆಯೇ ಮುಂದಿನ ತಿಂಗಳುಗಳ ಬಳಕೆಯನ್ನು ಬಹುಮಟ್ಟಿಗೆ ಸೂಚಿಸುತ್ತದೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ಆದ್ದರಿಂದ ನೆರವು ಆರಂಭದಲ್ಲೇ ದೊರೆಯಬೇಕು.

ಹಗಲಿನ ಅಭ್ಯಾಸ: ಮೊದಲು ಎಚ್ಚರದಲ್ಲಿದ್ದಾಗ ಮುಖವಾಡವನ್ನು ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಳ್ಳುವುದು, ಅನಂತರ ಪಟ್ಟಿ ಕಟ್ಟಿ ಅರ್ಧ ಗಂಟೆ ರೇಡಿಯೋ ಕೇಳುತ್ತಲೋ ದೂರದರ್ಶನ ನೋಡುತ್ತಲೋ ಕುಳಿತುಕೊಳ್ಳುವುದು, ಬಳಿಕ ಮಧ್ಯಾಹ್ನದ ನಿದ್ರೆಗೆ, ಕೊನೆಗೆ ರಾತ್ರಿಗೆ ಬಳಸುವುದು. ಈ ಕ್ರಮದಿಂದ ಉಸಿರು ಸಿಕ್ಕಿಕೊಳ್ಳುವ ಭಯ ಕಡಿಮೆಯಾಗುತ್ತದೆ.

ಒತ್ತಡದ ಹೊಂದಾಣಿಕೆ: ಕಡಿಮೆ ಒತ್ತಡದಿಂದ ಆರಂಭವಾಗಿ ನಿಧಾನವಾಗಿ ಏರುವ ವ್ಯವಸ್ಥೆ ಹೆಚ್ಚಿನ ಯಂತ್ರಗಳಲ್ಲಿದೆ. ಒತ್ತಡವನ್ನು ರೋಗಿ ತಾನೇ ಬದಲಿಸದೆ ವೈದ್ಯರಿಂದ ಸರಿಪಡಿಸಿಕೊಳ್ಳಬೇಕು.

ಸ್ವಚ್ಛತೆ: ಮಲಗುವ ಮೊದಲು ಮುಖ ತೊಳೆಯುವುದು, ಮುಖವಾಡದ ಮೆತ್ತೆಯನ್ನು ಪ್ರತಿದಿನ ಸೌಮ್ಯ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸುವುದು ಸೋರಿಕೆಯನ್ನೂ ಚರ್ಮದ ತೊಂದರೆಯನ್ನೂ ತಗ್ಗಿಸುತ್ತದೆ. ಬಿಸಿಲಿಗೆ ಸಿಲಿಕೋನ್ ಬೇಗ ಹಾಳಾಗುತ್ತದೆ.

ಆಪ್ತ ಸಲಹೆ: ರೋಗಿಯ ಸಂದೇಹಗಳನ್ನು ಕೇಳಿ, ಸಣ್ಣ ಗುರಿಗಳನ್ನು ಇಟ್ಟು, ಮತ್ತೆ ಮತ್ತೆ ವಿಚಾರಿಸುವ ವರ್ತನಾ ಚಿಕಿತ್ಸೆಯಿಂದ ಬಳಕೆ ರಾತ್ರಿಗೆ ಸರಾಸರಿ ಒಂದು ಗಂಟೆಗಿಂತ ಹೆಚ್ಚು ಏರುವುದನ್ನು 2020ರ ಕಾಕ್ರೇನ್ ವಿಮರ್ಶೆ ದಾಖಲಿಸಿದೆ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ದೂರದ ಹಳ್ಳಿಯ ರೋಗಿಯನ್ನು ಮೊದಲ ವಾರದಲ್ಲಿ ಎರಡು ಬಾರಿ ದೂರವಾಣಿಯಲ್ಲಿ ಮಾತನಾಡಿಸುವುದು, ಮುಖವಾಡ ಧರಿಸಿದ ಚಿತ್ರವನ್ನು ಮೊಬೈಲಿನಲ್ಲಿ ತರಿಸಿಕೊಂಡು ಪಟ್ಟಿಯ ಬಿಗಿ ನೋಡುವುದು ಮುಂತಾದ ಸರಳ ಕ್ರಮಗಳು ಒಂದು ಪ್ರಯಾಣವನ್ನು ಉಳಿಸುತ್ತವೆ. ಕೇಂದ್ರ ಸರ್ಕಾರದ ಇ-ಸಂಜೀವಿನಿ ದೂರಸಮಾಲೋಚನೆಯ ಮೂಲಕವೂ ವೈದ್ಯರ ಸಲಹೆ ಪಡೆಯಬಹುದು.

ಕುಟುಂಬದ ಪಾತ್ರ

ರಾತ್ರಿಯ ಉಸಿರುಕಟ್ಟುವಿಕೆಯನ್ನು ರೋಗಿ ಕಾಣಲಾರ, ಮನೆಯವರು ಕಾಣುತ್ತಾರೆ. ಮಲಗಿದ ರೋಗಿಯ ಉಸಿರು ನಿಲ್ಲುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ತೋರಿಸಿದಾಗ ನಂಬದವರೂ ನಂಬುತ್ತಾರೆ. ಹಗಲಿನ ತೂಕಡಿಕೆಯನ್ನು ಅಳೆಯಲು ಆಸ್ಟ್ರೇಲಿಯಾದ ಮರೇ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್ವರ್ತ್ ಮಾಪನ ಬಳಕೆಯಲ್ಲಿದೆ. ಓದುವಾಗ, ಬಸ್ಸಿನಲ್ಲಿ ಕುಳಿತಾಗ, ಊಟದ ಬಳಿಕ ತೂಕಡಿಕೆ ಬರುವ ಸಂಭವ ಎಷ್ಟು ಎಂಬಂತಹ 8 ಪ್ರಶ್ನೆಗಳಿಗೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 24ರಲ್ಲಿ 10ಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಸೂಕ್ತ. ಯಂತ್ರ ಆರಂಭಿಸುವ ಮೊದಲು ಮತ್ತು ಒಂದು ತಿಂಗಳ ನಂತರ ಇದೇ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ತನಗಾದ ಲಾಭ ರೋಗಿಗೆ ತಾನೇ ತಿಳಿಯುತ್ತದೆ. ನಡುರಾತ್ರಿ ಮುಖವಾಡ ಕಳಚಿದ್ದರೆ ಗದರದೆ ಮತ್ತೆ ತೊಡಿಸುವ ಸಂಗಾತಿಯ ನೆರವು ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಪರ್ಯಾಯ ಚಿಕಿತ್ಸೆಗಳು

ಎಲ್ಲ ಪ್ರಯತ್ನಗಳ ನಂತರವೂ ಯಂತ್ರ ಒಗ್ಗದವರಿಗೆ ಬೇರೆ ದಾರಿಗಳಿವೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತಸಾಧನ ಸೌಮ್ಯ ಮತ್ತು ಮಧ್ಯಮ ರೋಗದಲ್ಲಿ ಉಪಯುಕ್ತ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸ ನೆರವಾಗುತ್ತದೆ. ತೂಕ ಇಳಿಸುವುದು, ಮದ್ಯ ಮತ್ತು ನಿದ್ರೆಗುಳಿಗೆಗಳನ್ನು ಬಿಡುವುದು ಎಲ್ಲರಿಗೂ ಹಿತಕರ. ಕೆಲವರಿಗೆ ಶಸ್ತ್ರಚಿಕಿತ್ಸೆ ಸೂಕ್ತವಾಗಬಹುದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ಥೂಲಕಾಯವುಳ್ಳ ಮಧ್ಯಮ ಮತ್ತು ತೀವ್ರ ರೋಗಿಗಳಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅನುಮೋದಿಸಿತು.

ಯಾವ ದಾರಿ ಹಿಡಿದರೂ ಅದನ್ನು ವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕು. ಯಂತ್ರವನ್ನು ಯಾರಿಗೂ ಹೇಳದೆ ಮೂಲೆಗಿಟ್ಟ ರೋಗಿಯು ಚಿಕಿತ್ಸೆ ಪಡೆಯುತ್ತಿದ್ದಾನೆಂದು ವೈದ್ಯರೂ ಮನೆಯವರೂ ಭಾವಿಸಿರುತ್ತಾರೆ. ಅವನ ರಕ್ತದೊತ್ತಡ ಇಳಿಯದಿರುವುದಕ್ಕೆ, ಹಗಲಿನ ತೂಕಡಿಕೆ ಹೋಗದಿರುವುದಕ್ಕೆ ಬೇರೆ ಕಾರಣಗಳನ್ನು ಹುಡುಕುತ್ತಾ ಔಷಧಗಳು ಹೆಚ್ಚುತ್ತಾ ಹೋಗಬಹುದು. ಆದ್ದರಿಂದ ‘ಯಂತ್ರ ಒಗ್ಗುತ್ತಿಲ್ಲ’ ಎಂದು ರೋಗಿ ಧೈರ್ಯವಾಗಿ ಹೇಳುವಂತಹ ವಾತಾವರಣವನ್ನು ಕಲ್ಪಿಸುವುದು ಪಾಲನೆಯ ಮೊದಲ ಹೆಜ್ಜೆ.